ನಾರ್ವೆಯ ಎಣ್ಣೆಗೆ ಕರಾವಳಿಯ ಬದಲಿ

ಯಶವಂತಪುರದ ಔಷಧಿ ಅಂಗಡಿಯಲ್ಲಿ ಇಂದು ಸಿಗುವ ಕಾಡ್ ಲಿವರ್ ಎಣ್ಣೆಯ ಗುಳಿಗೆಗೆ ಮೂಲ ಉತ್ತರ ಅಟ್ಲಾಂಟಿಕ್ ಸಾಗರ. ಕಾಡ್ ತಣ್ಣನೆಯ ನೀರಿನ ಮೀನು. ನಮ್ಮ ಸಮುದ್ರದಲ್ಲಿ ಅದಿಲ್ಲ. ಹೀಗಾಗಿ ಅದರ ಎಣ್ಣೆಯನ್ನು ಭಾರತ ಎಂದಿನಿಂದಲೂ ಹೊರಗಿನಿಂದಲೇ ತರಿಸಿಕೊಂಡಿದೆ.

ಮೂಗು ಹಿಡಿದು ನುಂಗಬೇಕಾದ ಈ ಎಣ್ಣೆಯನ್ನು ವೈದ್ಯರು ಸುಮ್ಮನೆ ಬರೆದುಕೊಡುತ್ತಿರಲಿಲ್ಲ. 'ಎ' ಜೀವಸತ್ವದ ಕೊರತೆಯಾದ ಮಕ್ಕಳಿಗೆ ಮೊದಲು ಇರುಳುಗಣ್ಣು, ಕೊನೆಗೆ ಪೂರ್ತಿ ಕುರುಡು ಬರಬಹುದು. 'ಡಿ' ಕಡಿಮೆಯಾದರೆ ಎಳೆಯ ಮೂಳೆ ಬಾಗುತ್ತದೆ. 1940ರ ಏಪ್ರಿಲ್‌ನಲ್ಲಿ ಜರ್ಮನಿಯ ಸೇನೆ ನಾರ್ವೆಗೆ ನುಗ್ಗಿದಾಗ ಈ ಮದ್ದಿನ ದೊಡ್ಡ ಮೂಲವೇ ಕೈತಪ್ಪಿತು.

ಆಗ ಸರ್ಕಾರದ ಕಣ್ಣಿಗೆ ಬಿದ್ದದ್ದು ಶಾರ್ಕ್, ಕರಾವಳಿಯವರು ತಾಟೆ ಎನ್ನುವ ಮೀನು. ದಕ್ಷಿಣ ಕನ್ನಡ, ಮಲಬಾರ್ ಎರಡೂ ಅಂದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಪ್ರಾಂತ್ಯದ ಮೀನುಗಾರಿಕೆ ಇಲಾಖೆ ಕಲ್ಲಿಕೋಟೆಯಲ್ಲಿ ಶಾರ್ಕ್ ಎಣ್ಣೆ ತೆಗೆಯತೊಡಗಿತು. ಯಕೃತ್ತನ್ನು ಕೊಚ್ಚಿ ನೀರಿನಲ್ಲಿ ಕಾಯಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಶಾರ್ಕಿಗೆ ಗಾಳಿಚೀಲವಿಲ್ಲ, ಮುಳುಗದಿರಲು ಅದು ನೆಚ್ಚುವುದು ಈ ಎಣ್ಣೆಯನ್ನೇ. ಕಾಡ್ ಎಣ್ಣೆಗಿಂತ ಇದರಲ್ಲಿ 'ಎ' ಜೀವಸತ್ವ ಹಲವು ಪಟ್ಟು ಹೆಚ್ಚು. ಕಡಲೆಕಾಯಿ ಎಣ್ಣೆ ಬೆರೆಸಿ ಹದಕ್ಕೆ ತರುತ್ತಿದ್ದರು! 'ಡಿ' ಮಾತ್ರ ಕಡಿಮೆ. ನಾತದಲ್ಲಿ ಎರಡೂ ಒಂದೇ ಎನ್ನಿ.

ಈ ಉದ್ಯಮವನ್ನು ಕೊನೆಗೆ ಮಣಿಸಿದ್ದು ಪ್ರಯೋಗಾಲಯ. 1947ರಲ್ಲಿ ಸ್ವಿಟ್ಜರ್ಲೆಂಡಿನ ಒಟ್ಟೊ ಇಸ್ಲರ್ ಮತ್ತು ಸಂಗಡಿಗರು 'ಎ' ಜೀವಸತ್ವವನ್ನು ಕೃತಕವಾಗಿ, ಕಾರ್ಖಾನೆಗೆ ಒಗ್ಗುವಂತೆ ತಯಾರಿಸುವ ದಾರಿ ಕಂಡುಕೊಂಡರು. ಕ್ರಮೇಣ ಶಾರ್ಕ್ ಎಣ್ಣೆಯ ಬೇಡಿಕೆ ಕುಸಿಯಿತು. 1970ರಲ್ಲಿ ಭಾರತ ಸರ್ಕಾರ ಪುಟ್ಟ ಮಕ್ಕಳಿಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ 'ಎ' ಜೀವಸತ್ವ ಕುಡಿಸುವ ಯೋಜನೆ ಆರಂಭಿಸಿತು. ಆ ಚಮಚೆಗೆ ನಾರ್ವೆಯ ಕಾಡ್ ಆಗಲಿ, ಕರಾವಳಿಯ ತಾಟೆಯಾಗಲಿ ಬೇಕಿರಲಿಲ್ಲ.