ಮುಸ್ಸಂಜೆಯ ಒಪ್ಪತ್ತು: ಶಿರಸಿ ಸೀಮೆಯಲ್ಲಿ ಪ್ರದೋಷ ವ್ರತದ ಜಾಡು

ಶಿರಸಿಯಿಂದ ಸುಮಾರು 20 ಕಿಲೋಮೀಟರ್ ದೂರದ ಸೋಂದೆ ಸೀಮೆಯಲ್ಲಿ ಮುಸ್ಸಂಜೆಗೆ ಮೂರು ಲೆಕ್ಕ. ಸ್ವಾದಿ ಜೈನ ಮಠದ ವ್ರತಸ್ಥ ಶ್ರಾವಕರಿಗೆ ಅದು ಊಟ ಮುಗಿದಿರಬೇಕಾದ ಹೊತ್ತು. ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ವಾದಿರಾಜ ಮಠಕ್ಕೆ ನಡೆದುಕೊಳ್ಳುವ ಮಾಧ್ವರ ಏಕಾದಶಿಗೆ ಮುಸ್ಸಂಜೆಯಲ್ಲಿ ಬಿಡುಗಡೆಯಿಲ್ಲ. ದ್ವಾದಶಿ ಬೆಳಗಿನ ಪಾರಣೆಯವರೆಗೆ ಕಾಯಬೇಕು. ಸ್ವರ್ಣವಲ್ಲಿ ಮಠದ ಶಿಷ್ಯರಾದ ಸ್ಮಾರ್ತ ಹವ್ಯಕರಲ್ಲಿ ಪ್ರದೋಷ ಹಿಡಿದವರಿಗೆ ಮಾತ್ರ ಅದೇ ಮುಸ್ಸಂಜೆ ಶಿವಪೂಜೆಯ ಹೊತ್ತು. ಪೂಜೆ ಮುಗಿದ ಮೇಲೆ ಆ ದಿನದ ಒಂದೇ ಊಟ.

ಈ ಮೂರನೆಯ ಪದ್ಧತಿ, ಅಂದರೆ ತಿಂಗಳಿಗೆ ಎರಡು ಬಾರಿ ತ್ರಯೋದಶಿಯ ಸಂಜೆ ಬರುವ ಪ್ರದೋಷ ವ್ರತ, ಎಲ್ಲಿಂದ ಬಂತು? ದೇವರಿಗಿಂತ ಮೊದಲು ಹೊತ್ತನ್ನು ಹುಡುಕಿದರೆ ಇದರ ಚರಿತ್ರೆ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ.

ಹೊತ್ತಿನ ಹೆಸರು

ದೋಷ ಕಳೆಯುವುದರಿಂದ ಪ್ರದೋಷ ಎಂಬ ವಿವರಣೆ ಜನಪ್ರಿಯ. ಆದರೆ ಸಂಸ್ಕೃತದಲ್ಲಿ ‘ದೋಷಾ’ ಎಂದರೆ ರಾತ್ರಿ, ‘ಪ್ರದೋಷ’ ಎಂದರೆ ರಾತ್ರಿಯ ಆರಂಭ. ಅಮರಕೋಶ ಅದನ್ನು ‘ರಜನೀಮುಖ’ ಎನ್ನುತ್ತದೆ. ಈ ಅರ್ಥದಲ್ಲಿ ದಿನದಿನವೂ ಪ್ರದೋಷ ಬರುತ್ತದೆ. ತ್ರಯೋದಶಿಯ ಪ್ರದೋಷಕ್ಕೆ ಬೇರೆ ಮಹತ್ವ ಸೇರಿದ್ದು ಆಮೇಲಿನ ಮಾತು.

ಧರ್ಮಶಾಸ್ತ್ರದಲ್ಲಿ ಪ್ರದೋಷಕ್ಕೆ ಇನ್ನೊಂದು ಮುಖವಿದೆ, ಅದು ಅನಧ್ಯಾಯ. ಚತುರ್ಥಿ, ಸಪ್ತಮಿ, ತ್ರಯೋದಶಿಗಳ ರಾತ್ರಿಯ ನಿಗದಿತ ಭಾಗದಲ್ಲಿ ವೇದ ಓದಬಾರದು ಎಂಬ ನಿಯಮ ಅದು. ಪಾಠ ನಿಂತ ಆ ಹೊತ್ತಿನಲ್ಲಿ ತ್ರಯೋದಶಿಯ ಪಾಲು ಶಿವನಿಗೆ ಸಂದಿತು.

ಮುಸ್ಸಂಜೆಗೂ ಶಿವನಿಗೂ ಇರುವ ನಂಟು ಅದಕ್ಕಿಂತ ಹಳೆಯದು. ಉಜ್ಜಯಿನಿಗೆ ಬೇರೆ ಹೊತ್ತಿನಲ್ಲಿ ಬಂದರೂ ಸೂರ್ಯ ಕಣ್ಮರೆಯಾಗುವವರೆಗೆ ಕಾದಿದ್ದು ಮಹಾಕಾಲನ ಸಂಜೆಪೂಜೆಗೆ ನಗಾರಿಯಾಗು ಎಂದು ಕಾಳಿದಾಸನ ಯಕ್ಷ ಮೋಡಕ್ಕೆ ಹೇಳುತ್ತಾನೆ. ಮೇಘದೂತದ ಆ ಭಾಗದಲ್ಲಿ ಶಿವನ ಸಂಜೆಯ ನೃತ್ಯದ ಪ್ರಸ್ತಾಪವೂ ಇದೆ. ತ್ರಯೋದಶಿಯ ಮಾತಿಲ್ಲ, ಉಪವಾಸದ ಮಾತಿಲ್ಲ. ಸಂಜೆಪೂಜೆ ಮೊದಲು ಬಂತು, ವ್ರತ ಅದರ ಬೆನ್ನಿಗೆ ಬಂತು ಎಂದು ತಿಳಿಯಲು ಇಷ್ಟು ಸಾಕು.

ವ್ರತಕ್ಕೆ ಕಥೆ ಒದಗಿಸಿದ್ದು ಸ್ಕಂದಪುರಾಣದ ಬ್ರಹ್ಮೋತ್ತರ ಖಂಡ. ವಿದರ್ಭದ ಅರಸ ಯುದ್ಧದಲ್ಲಿ ಸತ್ತು ಅನಾಥವಾದ ಶಿಶುವನ್ನು ಬಡ ಬ್ರಾಹ್ಮಣ ಹೆಂಗಸೊಬ್ಬಳು ತನ್ನ ಮಗನ ಜತೆಗೇ ಸಾಕುತ್ತಾಳೆ. ಶಾಂಡಿಲ್ಯ ಮುನಿ ಅವರಿಗೆ ಪ್ರದೋಷ ಪೂಜೆ ಹೇಳಿಕೊಡುತ್ತಾನೆ. ರಾಜಪುತ್ರ ಧರ್ಮಗುಪ್ತನಿಗೆ ಗಂಧರ್ವಕನ್ಯೆ ಅಂಶುಮತಿಯೂ ಕಳೆದುಹೋದ ರಾಜ್ಯವೂ ಸಿಗುತ್ತವೆ. ಕಥೆಯ ಪೂಜೆ ನಡೆಯುವುದು ದೊಡ್ಡ ದೇಗುಲದಲ್ಲಲ್ಲ, ಭಿಕ್ಷೆಯಿಂದ ಬದುಕುವ ಮನೆಯಲ್ಲಿ. ಪ್ರದೋಷ ಮನೆವ್ರತವಾಗಿಯೇ ಹರಡಿದ್ದರ ಸುಳಿವು ಅಲ್ಲಿದೆ.

ನಿಬಂಧಕಾರರ ಗಡಿಯಾರ

13ನೇ ಶತಮಾನದಲ್ಲಿ ದೇವಗಿರಿಯ ಸೇವುಣರ ಮಂತ್ರಿ ಹೇಮಾದ್ರಿ ‘ಚತುರ್ವರ್ಗ ಚಿಂತಾಮಣಿ’ಯ ವ್ರತಖಂಡದಲ್ಲಿ ಚದುರಿದ್ದ ವ್ರತಗಳನ್ನು ಒಂದೆಡೆ ಕೂಡಿಸಿದ. ಸೇವುಣರ ಆಳ್ವಿಕೆ ಅದೇ ಶತಮಾನದಲ್ಲಿ ಬನವಾಸಿ ನಾಡಿಗೂ ಚಾಚಿತ್ತು. 1612ರಲ್ಲಿ ಕಮಲಾಕರ ಭಟ್ಟನ ‘ನಿರ್ಣಯಸಿಂಧು’, 1790ರ ಸುಮಾರಿಗೆ ಪಂಢರಪುರದ ಕಾಶೀನಾಥ ಉಪಾಧ್ಯಾಯನ ‘ಧರ್ಮಸಿಂಧು’ ಬಂದವು. ತಿಥಿಯ ಗೊಂದಲ ಎದ್ದಾಗ ಪುರೋಹಿತರು ಇಂದಿಗೂ ತೆರೆಯುವುದು ಈ ಸಿಂಧುಗಳನ್ನೇ.

ಈ ನಿಬಂಧಕಾರರ ಮುಖ್ಯ ಪ್ರಶ್ನೆ ಒಂದೇ: ತಿಥಿ ಯಾವ ಹೊತ್ತಿನಲ್ಲಿ ಇರಬೇಕು? ಏಕಾದಶಿಗೆ ಸೂರ್ಯೋದಯದ ಲೆಕ್ಕ, ಸಂಕಷ್ಟಿಗೆ ಚಂದ್ರೋದಯದ ಲೆಕ್ಕ, ಶಿವರಾತ್ರಿಗೆ ನಡುರಾತ್ರಿಯ ಲೆಕ್ಕ. ಪ್ರದೋಷಕ್ಕೆ ಸೂರ್ಯಾಸ್ತದ ನಂತರದ ಮೂರು ಮುಹೂರ್ತ. ಹಗಲೆಲ್ಲ ದ್ವಾದಶಿ ಇದ್ದರೂ ಮುಸ್ಸಂಜೆಗೆ ತ್ರಯೋದಶಿ ಬಂದರೆ ಅಂದೇ ಪ್ರದೋಷ. 2024ರ ಮಾರ್ಚ್ 8ರಂದು ಸಂಜೆ ತ್ರಯೋದಶಿ, ನಡುರಾತ್ರಿ ಚತುರ್ದಶಿ ಇದ್ದುದರಿಂದ ಪ್ರದೋಷವೂ ಮಹಾಶಿವರಾತ್ರಿಯೂ ಒಂದೇ ದಿನ ಬಂದವು. 2025ರಲ್ಲಿ ಫೆಬ್ರವರಿ 25ರ ಸಂಜೆ ಪ್ರದೋಷ, 26ರ ರಾತ್ರಿ ಶಿವರಾತ್ರಿ.

ರಾತ್ರಿಯನ್ನು ಹದಿನೈದು ಮುಹೂರ್ತವಾಗಿ ಭಾಗಿಸಿದರೆ ಮೂರು ಮುಹೂರ್ತವೆಂದರೆ ರಾತ್ರಿಯ ಐದನೇ ಒಂದು ಪಾಲು. ಶಿರಸಿಯಲ್ಲಿ ನವೆಂಬರ್ ಕೊನೆಗೆ ಸೂರ್ಯ 6 ಗಂಟೆಯ ಸುಮಾರಿಗೆ ಮುಳುಗುತ್ತಾನೆ. ಜುಲೈ ಆರಂಭದಲ್ಲಿ 7 ದಾಟುತ್ತದೆ. ಹಾಗಾಗಿ ಚಳಿಗಾಲದ ಪ್ರದೋಷ ಎರಡೂವರೆ ತಾಸಿನಷ್ಟು, ಮಳೆಗಾಲದ್ದು ಎರಡೂಕಾಲು ತಾಸಿನಷ್ಟು. ಬೆಂಗಳೂರಿಗಿಂತ ಇಲ್ಲಿ ಸೂರ್ಯಾಸ್ತ ಸುಮಾರು 10 ನಿಮಿಷ ತಡ. ತಿಥಿ ಅಂಚಿನಲ್ಲಿದ್ದಾಗ ಈ ಹತ್ತು ನಿಮಿಷ ಸಣ್ಣದಲ್ಲ. ಅಮೆರಿಕದಲ್ಲಿ ನೆಲೆಸಿದ ಮನೆಯವರಿಗೆ ಇದೇ ಪ್ರದೋಷ ಒಂದು ದಿನ ಮೊದಲೇ ಬರುವುದೂ ಉಂಟು.

ಘಟ್ಟದ ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಮುಳುಗುವುದನ್ನು ನೋಡಿ ಪೂಜೆಗೆ ಕೂರುವ ಮಾತು ಆಗದು, ಪಂಚಾಂಗವೇ ಗತಿ. ಕುಮಟಾ ಕಡೆಯ ಬಗ್ಗೋಣ ಪಂಚಾಂಗ ಉತ್ತರ ಕನ್ನಡದ ಹವ್ಯಕ ಮನೆಗಳ ಗೋಡೆಯಲ್ಲಿ ಜಾಗ ಹಿಡಿದದ್ದರ ಹಿಂದೆ ಇಂಥ ಅಗತ್ಯವೂ ಇದೆ.

ಕಲ್ಲಿನ ಶಿವ, ಮನೆಯ ಶಿವ

ಈ ಸೀಮೆಯ ಶೈವ ನೆಲೆ ಹಳೆಯದು. ಶಿರಸಿ ತಾಲೂಕಿನ ಬನವಾಸಿ ಕದಂಬರ ರಾಜಧಾನಿ. ಹತ್ತಿರದ ತಾಳಗುಂದದ ಸ್ತಂಭಶಾಸನ ಶಿವಸ್ತುತಿಯಿಂದ ಆರಂಭವಾಗುತ್ತದೆ. ಅಲ್ಲಿನ ಶಿವಾಲಯದಲ್ಲಿ ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದರೆಂದೂ ಹೇಳುತ್ತದೆ. ಕಾಕುಸ್ಥವರ್ಮನ ಹೆಣ್ಣುಮಕ್ಕಳು ಗುಪ್ತರ ಮನೆ ಸೇರಿದ ವಿಷಯವೂ ಅಲ್ಲಿದೆ. ಕಾಳಿದಾಸನೇ ಈ ಕುಂತಳ ನಾಡಿಗೆ ರಾಯಭಾರಿಯಾಗಿ ಬಂದಿದ್ದನೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆ ಏನೇ ಇರಲಿ, ಮಹಾಕಾಲನ ಸಂಜೆಪೂಜೆಯನ್ನು ಬಲ್ಲ ಕಾಲಕ್ಕೆ ವರದಾ ನದಿಯ ಈ ಸೀಮೆ ಹೊರಗಿನದಾಗಿರಲಿಲ್ಲ.

ಮುಂದೆ ಬನವಾಸಿ ಪನ್ನಿರ್ಛಾಸಿರ ಎಂಬ ನಾಡಿನ ರಾಜಧಾನಿ ಬಳ್ಳಿಗಾವೆಯ ಕೋಡಿಯಮಠದಲ್ಲಿ ಕಾಳಾಮುಖ ಶೈವ ಗುರುಗಳಿದ್ದರು. 1162ರ ಶಾಸನ ಆ ಮಠವನ್ನು ವಿದ್ಯೆಯ, ಅನ್ನದಾನದ ಜಾಗವೆಂದು ಬಣ್ಣಿಸುತ್ತದೆ. ಸೋಂದೆಯ ಅರಸ ಸದಾಶಿವರಾಯನ ಕಾಲದವೆನ್ನಲಾಗುವ ಶಾಲ್ಮಲಾ ನದಿಯ ಸಹಸ್ರಲಿಂಗಗಳು ನೀರಿಳಿದಾಗ ಎದ್ದು ಕಾಣುತ್ತವೆ, ಶಿವರಾತ್ರಿಗೆ ಅಲ್ಲಿ ಜನ ಸೇರುತ್ತಾರೆ. ಸಿದ್ದಾಪುರ ತಾಲೂಕಿನಲ್ಲಿ ಇಟಗಿಯ ರಾಮೇಶ್ವರನಿದ್ದಾನೆ.

ಬನವಾಸಿಯ ಮಧುಕೇಶ್ವರನ ಎದುರಿನ ದೊಡ್ಡ ನಂದಿಯ ಒಂದು ಕಣ್ಣು ಶಿವನನ್ನೂ ಇನ್ನೊಂದು ಪಾರ್ವತಿಯನ್ನೂ ನೋಡುತ್ತದೆಂದು ಊರವರು ತೋರಿಸುತ್ತಾರೆ. ಪ್ರದೋಷದಲ್ಲಿ ನಂದಿಗೆ ವಿಶೇಷ ಸ್ಥಾನ. ಹಾಲಾಹಲ ಕುಡಿದ ಶಿವ ಆ ಹೊತ್ತಿನಲ್ಲಿ ನಂದಿಯ ಕೋಡುಗಳ ನಡುವೆ ಕುಣಿದನೆಂಬ ನಂಬಿಕೆಯಿಂದ, ಭಕ್ತರು ಕೋಡುಗಳ ನಡುವಿನಿಂದ ಲಿಂಗವನ್ನು ನೋಡುತ್ತಾರೆ. ಅಭಿಷೇಕದ ನೀರು ಹೊರಬೀಳುವ ಸೋಮಸೂತ್ರವನ್ನು ದಾಟದೆ, ಅಲ್ಲಿಂದ ಹಿಂತಿರುಗಿ ಸುತ್ತುವ ಪ್ರದಕ್ಷಿಣೆಯೂ ಇದರ ಅಂಗ.

ಶಾಸನಗಳು ದೇಗುಲಕ್ಕೆ ಬಿಟ್ಟ ಭೂಮಿ, ನಂದಾದೀವಿಗೆಯ ಎಣ್ಣೆ, ನೈವೇದ್ಯದ ಅಕ್ಕಿ ಎಲ್ಲವನ್ನೂ ಲೆಕ್ಕವಿಡುತ್ತವೆ. ಒಪ್ಪತ್ತು ಮಾಡಿದವರ ಲೆಕ್ಕ ಕಲ್ಲಿಗೆ ಏರುವುದಿಲ್ಲ. ಆ ಲೆಕ್ಕ ಇರುವುದು ಮನೆಯ ದೇವರ ಕೋಣೆಯಲ್ಲಿ: ಹಗಲು ಫಲಾಹಾರ, ಸಂಜೆ ಮಿಂದು ರುದ್ರ ಹೇಳಿ ಅಭಿಷೇಕ, ಬಿಲ್ವಪತ್ರೆ, ಎಕ್ಕದ ಹೂ, ಮಂಗಳಾರತಿ, ಆಮೇಲೆ ಊಟ. ಶಾಸ್ತ್ರ ಇದನ್ನು ‘ನಕ್ತ’ ಎನ್ನುತ್ತದೆ, ಅಂದರೆ ರಾತ್ರಿ ಮಾತ್ರ ಉಣ್ಣುವ ವ್ರತ. ಶನಿವಾರದ ಪ್ರದೋಷ ಸಂತಾನಕ್ಕೆ, ಮಂಗಳವಾರದ್ದು ಸಾಲ ತೀರಲು ಎಂಬ ಸಂಕಲ್ಪಗಳಿವೆ. ವರ್ಷಕ್ಕೆ 24 ಪ್ರದೋಷ. 2023ರಂತೆ ಅಧಿಕಮಾಸ ಬಂದರೆ 26. ಹಿಡಿದಷ್ಟು ವರ್ಷ ನಡೆಸಿ ಉದ್ಯಾಪನೆ ಮಾಡಿ ಬಿಡುವುದು ಕ್ರಮ.

ಅಡಿಕೆ ತೋಟಿಗರ ದಿನಚರಿಗೆ ಈ ವ್ರತ ಒಗ್ಗುತ್ತದೆ. ಹಗಲಿನ ತೋಟದ ಕೆಲಸ ಕೆಡುವುದಿಲ್ಲ, ದುಡಿದು ಮನೆಗೆ ಬರುವ ಹೊತ್ತಿಗೇ ಪೂಜೆ. ಕೊನೆ ಕೊಯ್ದು ರಾತ್ರಿಯೆಲ್ಲ ಅಡಿಕೆ ಸುಲಿಯುವ ಚಳಿಗಾಲದಲ್ಲಿ ಕತ್ತಲೆಯೂ ಬೇಗ, ಊಟವೂ ಬೇಗ. ಮುಸ್ಸಂಜೆಯ ಇನ್ನೊಂದು ಉಪವಾಸವಾದ ವೈಶಾಖದ ನರಸಿಂಹ ಜಯಂತಿಯನ್ನು ಸ್ವರ್ಣವಲ್ಲಿ ಮಠ ಕೃಷಿ ಜಯಂತಿಯಾಗಿಯೂ ಆಚರಿಸುತ್ತದೆ. ಇಲ್ಲಿ ವ್ರತ ಮತ್ತು ಬೇಸಾಯ ಬೇರೆ ಬೇರೆ ಕಪಾಟಿನ ವಿಷಯಗಳಲ್ಲ.

ಇಂಥ ಮನೆವ್ರತದ ಚರಿತ್ರೆಗೆ ತಾಮ್ರಪಟ ಹುಡುಕಿ ಫಲವಿಲ್ಲ. ಅಜ್ಜನ ಕಾಲದ ಪಂಚಾಂಗದ ಅಂಚಿನ ಟಿಪ್ಪಣಿ, ಉದ್ಯಾಪನೆಯ ಖರ್ಚು ಬರೆದ ಕಡತ, ಪುರೋಹಿತರ ಕೈಬರಹದ ಪ್ರಯೋಗದ ಪುಸ್ತಕ, ಇವೇ ಆಕರಗಳು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆ ಮನೆಗಳನ್ನು ಕೆಡವಿ ಹೊಸತು ಕಟ್ಟುವವರು ಮೆತ್ತಿನ ಮೇಲಿನ ಆ ಕಾಗದಗಳನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಡಿಸಿ ನೋಡಬೇಕು.