ಲಿನಕ್ಸ್ ನಡೆದುಬಂದ ದಾರಿ

ಗಣಕಯಂತ್ರವನ್ನು ನಿತ್ಯವೂ ಬಳಸುವ ನಮ್ಮಲ್ಲಿ ಬಹುಮಂದಿ, ಆ ಯಂತ್ರವನ್ನು ಒಳಗಿನಿಂದ ನಡೆಸುವ ಕಾರ್ಯಾಚರಣ ವ್ಯವಸ್ಥೆಯ ಬಗ್ಗೆ ಯೋಚಿಸುವುದೇ ಇಲ್ಲ. ಯಂತ್ರದೊಡನೆ ಬಂದದ್ದನ್ನು ಹಾಗೆಯೇ ಒಪ್ಪಿಕೊಳ್ಳುತ್ತೇವೆ. ಆದರೆ ಒಬ್ಬರ ಸ್ವತ್ತಾಗಿ ಉಳಿಯದೆ, ಸಾವಿರಾರು ಮಂದಿಯ ಕೈಗಳಲ್ಲಿ ಬೆಳೆದ ವ್ಯವಸ್ಥೆಯೊಂದಿದೆ, ಅದೇ ಲಿನಕ್ಸ್. ಕಲಾ ವಿಭಾಗದ ಪದವೀಧರೆಯೂ ಗೃಹಿಣಿಯೂ ಆದ ನಾನು ಇಂತಹ ವಿಷಯವನ್ನು ಕುರಿತು ಬರೆಯುವುದು ಕೆಲವರಿಗೆ ಸೋಜಿಗವೆನಿಸಬಹುದು. ನನ್ನನ್ನು ಸೆಳೆದದ್ದು ಅದರ ತಂತ್ರಕ್ಕಿಂತ ಹೆಚ್ಚಾಗಿ ಅದರ ಇತಿಹಾಸ. ಆ ಇತಿಹಾಸದಲ್ಲಿ ನಮ್ಮ ಕನ್ನಡಕ್ಕೂ ಒಂದು ಪಾಲಿದೆ.

ಕಥೆ ಆರಂಭವಾಗುವುದು 1969ರಲ್ಲಿ, ನ್ಯೂಜೆರ್ಸಿಯ ಮರ್ರಿ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಪ್ರಯೋಗಾಲಯದ ಒಡೆತನವಿದ್ದ ಎಟಿ ಅಂಡ್ ಟಿ ಕಂಪನಿಯು 1956ರ ನ್ಯಾಯಾಲಯದ ಒಪ್ಪಂದದ ಪ್ರಕಾರ ದೂರವಾಣಿಯ ಆಚೆಗಿನ ವ್ಯಾಪಾರಕ್ಕೆ ಕೈಹಾಕುವಂತಿರಲಿಲ್ಲ. ಆದ್ದರಿಂದ ಯುನಿಕ್ಸ್ ಅಲ್ಪ ಶುಲ್ಕಕ್ಕೆ, ಮೂಲಸಂಕೇತದ ಸಮೇತ, ವಿಶ್ವವಿದ್ಯಾಲಯಗಳಿಗೆ ದೊರೆಯಿತು. ವಿದ್ಯಾರ್ಥಿಗಳು ಅದನ್ನು ಓದಿ, ತಿದ್ದಿ, ಕಲಿತರು. 1984ರಲ್ಲಿ ಕಂಪನಿ ವಿಭಜನೆಗೊಂಡು ಆ ನಿರ್ಬಂಧ ತೊಲಗಿದ ಮೇಲೆ ಯುನಿಕ್ಸ್ ಮಾರುಕಟ್ಟೆಯ ಸರಕಾಯಿತು. ತೆರೆದಿದ್ದ ಬಾಗಿಲು ಮುಚ್ಚತೊಡಗಿತು.

ಮೂಲಸಂಕೇತವೆಂದರೇನು? ನಾವು ಗೃಹಿಣಿಯರು ಇದನ್ನು ಸಾರಿನ ಪುಡಿಯ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಅಂಗಡಿಯ ಪೊಟ್ಟಣ ತಂದರೆ ಅಡುಗೆಯೇನೋ ಆಗುತ್ತದೆ. ಆದರೆ ಧನಿಯ ಎಷ್ಟು, ಮೆಂತ್ಯ ಎಷ್ಟು ಎಂಬ ಅಳತೆ ಕೈಗೆ ಸಿಕ್ಕರೆ ಮಾತ್ರ ಖಾರವನ್ನು ನಮ್ಮ ಮನೆಯ ನಾಲಗೆಗೆ ಹೊಂದಿಸಬಹುದು, ಮಗಳಿಗೂ ಬರೆದುಕೊಡಬಹುದು. ತಂತ್ರಾಂಶದ ಮೂಲಸಂಕೇತ ಅಂತಹ ಅಳತೆಯ ಚೀಟಿ.

ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ಈ ಚೀಟಿಯ ಬೆಲೆ ತಿಳಿದದ್ದು ಒಂದು ಮುದ್ರಣ ಯಂತ್ರದಿಂದ. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಅದರ ತಂತ್ರಾಂಶವನ್ನು ತಿದ್ದಲು ಅವರು ಬಯಸಿದರು. ಮೂಲಸಂಕೇತ ಇದ್ದವರು ಕೊಡಲು ನಿರಾಕರಿಸಿದರು. 1983ರ ಸೆಪ್ಟೆಂಬರ್ 27ರಂದು ಅವರು ಗ್ನೂ ಎಂಬ ಮುಕ್ತ ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿ, ಮುಂದಿನ ವರ್ಷ ಕೆಲಸಕ್ಕೆ ರಾಜೀನಾಮೆಯಿತ್ತು ಅದರಲ್ಲಿಯೇ ತೊಡಗಿದರು. 1989ರಲ್ಲಿ ಅವರು ಪ್ರಕಟಿಸಿದ ಜಿಪಿಎಲ್ ಪರವಾನಗಿಯ ತಿರುಳು ಇಷ್ಟೆ: ಬಳಸಿ, ಓದಿ, ತಿದ್ದಿ, ಹಂಚಿ, ಆದರೆ ತಿದ್ದಿದ್ದನ್ನು ಹಂಚುವಾಗ ಪಡೆಯುವವರಿಗೂ ಅದೇ ಹಕ್ಕುಗಳನ್ನು ಕೊಡಿ.

ಗ್ನೂ ಯೋಜನೆಯಲ್ಲಿ ಉಪಕರಣಗಳೆಲ್ಲ ಒಂದೊಂದಾಗಿ ಸಿದ್ಧವಾದರೂ ಯಂತ್ರಕ್ಕೂ ತಂತ್ರಾಂಶಗಳಿಗೂ ನಡುವೆ ನಿಲ್ಲುವ ಕರ್ನಲ್ ಎಂಬ ತಿರುಳು ಸಿದ್ಧವಾಗಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್. 1991ರ ಆಗಸ್ಟ್ 25ರಂದು, ಹವ್ಯಾಸಕ್ಕಾಗಿ ಒಂದು ಸಣ್ಣ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ಅವರು ತಿಳಿಸಿದರು. ಬಳಸಿದವರಿಂದ ಹಣದ ಬದಲು ಅವರವರ ಊರಿನ ಅಂಚೆ ಕಾರ್ಡನ್ನು ಬಯಸಿದರು. 1992ರಲ್ಲಿ ಲಿನಕ್ಸನ್ನು ಜಿಪಿಎಲ್ ಪರವಾನಗಿಗೆ ಒಳಪಡಿಸಿದರು. ಒಬ್ಬರ ಹವ್ಯಾಸ ಹೀಗೆ ಎಲ್ಲರ ಕಾಯಕವಾಯಿತು. 1993ರಲ್ಲಿ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್, 2004ರಲ್ಲಿ ಉಬುಂಟು ಬಂದವು. 2017ರ ನವೆಂಬರಿನ ಪಟ್ಟಿಯಲ್ಲಿ ಜಗತ್ತಿನ 500 ಅತಿವೇಗದ ಗಣಕಗಳೆಲ್ಲವೂ ಲಿನಕ್ಸ್ ಬಳಸುವವೇ ಆಗಿದ್ದವು. 2021ರಲ್ಲಿ ಮಂಗಳ ಗ್ರಹದ ಮೇಲೆ ಹಾರಿದ ಪುಟ್ಟ ಹೆಲಿಕಾಪ್ಟರಿನಲ್ಲಿಯೂ ಇದ್ದದ್ದು ಅದೇ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ದೂರವಾಣಿಗಳ ಒಳತಿರುಳೂ ಲಿನಕ್ಸೇ.

ಇನ್ನು ಕನ್ನಡದ ಮಾತು. ಲಿನಕ್ಸ್ ಹುಟ್ಟಿದ 1991ರಲ್ಲಿಯೇ ಯುನಿಕೋಡ್ ಸಂಕೇತದ ಮೊದಲ ಆವೃತ್ತಿ ಪ್ರಕಟವಾಗಿ, ಅದರಲ್ಲಿ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಆದರೆ ಸ್ಥಾನ ದೊರೆತ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಒತ್ತಕ್ಷರ ಕೆಳಗೆ ಕೂರಬೇಕು, ಗುಣಿತ ಸರಿಯಾಗಿ ಹೊಂದಬೇಕು. ಇದನ್ನು ಮಾಡಿಸಿಕೊಡೆಂದು ಕಂಪನಿಗಳನ್ನು ಕೇಳಿದರೆ, ಕೊಳ್ಳುವವರೆಷ್ಟು ಎಂಬ ಲೆಕ್ಕ ಮೊದಲು ಬರುತ್ತದೆ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’ವನ್ನು ಹೊರನಾಡ ಕನ್ನಡಿಗರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಅದು ಉಚಿತವಾಗಿ ದೊರೆಯಿತಾದರೂ ಅದರ ಮೂಲಸಂಕೇತ ಕರ್ತೃವಿನ ಬಳಿಯೇ ಇತ್ತು. ಬೆಲೆಯಿಲ್ಲದ್ದೆಲ್ಲ ಮುಕ್ತವಲ್ಲ. ಲಿನಕ್ಸಿನಲ್ಲಾದರೋ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಗ್ನೋಮ್ ಮತ್ತು ಕೆಡಿಇ ಎಂಬ ಪರದೆ ವ್ಯವಸ್ಥೆಗಳ ಆದೇಶಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದರು. ಮುಕ್ತ ಅಕ್ಷರಶೈಲಿಗಳನ್ನು ರಚಿಸಿದರು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಇಂದು ಲಿನಕ್ಸಿನೊಳಗೇ ಅಡಕವಾಗಿದೆ.

ಆರಂಭಿಸಬಯಸುವವರಿಗೆ ದಾರಿ ಕಠಿಣವಲ್ಲ. ಹಳೆಯ ಲ್ಯಾಪ್‌ಟಾಪೊಂದಿದ್ದರೆ ಸಾಕು. ಮೊದಲು ಅದರಲ್ಲಿರುವ ಚಿತ್ರ, ಪತ್ರಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ. ಉಬುಂಟು ಅಥವಾ ಲಿನಕ್ಸ್ ಮಿಂಟನ್ನು ಪೆನ್ ಡ್ರೈವಿಗೆ ಬರೆದುಕೊಂಡು, ಯಂತ್ರವನ್ನು ಅದರಿಂದಲೇ ಚಾಲೂ ಮಾಡಿ. ಒಳಗಿನದೇನನ್ನೂ ಅಳಿಸದೆ ನೋಡಿ ಪರೀಕ್ಷಿಸಬಹುದು. ವೈಫೈ, ಧ್ವನಿ, ಪ್ರಿಂಟರ್ ಸರಿಯಾಗಿವೆಯೆಂದು ಮನವರಿಕೆಯಾದ ಮೇಲೆಯೇ ಸ್ಥಾಪಿಸಿ. ಅನಂತರ ಕೀಲಿಮಣೆಯ ಪಟ್ಟಿಗೆ ಕನ್ನಡ ಕಗಪವನ್ನು ಸೇರಿಸಿಕೊಳ್ಳಿ. ಹೊಸ ತಂತ್ರಾಂಶಕ್ಕೆ ತಕ್ಕುದಲ್ಲವೆಂದು ನಮ್ಮ ಮನೆಯಲ್ಲಿ ಮೂಲೆ ಸೇರಿದ್ದ ಯಂತ್ರವೊಂದು ಹೀಗೆ ಮರುಜೀವ ಪಡೆಯಿತು; ಈ ಲೇಖನವನ್ನು ಬರೆದದ್ದೂ ಅದರಲ್ಲಿಯೇ.

ಕನ್ನಡಕ್ಕೆ ತಂದ ಆ ಕೆಲಸ ಇನ್ನೂ ಪೂರ್ಣವಾಗಿಲ್ಲ. ತಂತ್ರಾಂಶ ಬೆಳೆದಂತೆ ಹೊಸ ವಾಕ್ಯಗಳು ಸೇರುತ್ತವೆ; ಅನುವಾದಿಸುವವರಿಲ್ಲದಿದ್ದರೆ ಅವು ಇಂಗ್ಲಿಷಿನಲ್ಲಿಯೇ ಉಳಿಯುತ್ತವೆ. ಈ ಕಾರ್ಯಕ್ಕೆ ಎಂಜಿನಿಯರ್ ಆಗಿರಬೇಕಾಗಿಲ್ಲ; ಒಳ್ಳೆಯ ಕನ್ನಡ ಬಲ್ಲವರು, ಪದಗಳನ್ನು ತೂಗಿ ನೋಡಬಲ್ಲವರು ಬೇಕು. ಸಮ್ಮೇಳನದ ಮೂರು ದಿನ ಕನ್ನಡವನ್ನು ಕೊಂಡಾಡುವ ನಾವು, ತಿಂಗಳಿಗೊಂದು ಗಂಟೆಯನ್ನು ಇದಕ್ಕಾಗಿ ಮೀಸಲಿಟ್ಟರೆ, ಮೊಮ್ಮಕ್ಕಳ ಕಾಲದ ಪರದೆಯ ಮೇಲೂ ನಮ್ಮ ನುಡಿ ಯಾರ ದಾಕ್ಷಿಣ್ಯಕ್ಕೂ ಕಾಯದೆ ತನ್ನ ಹಕ್ಕಿನಿಂದಲೇ ನಿಂತೀತು.