ಇಂಡೀ ರಾಕ್ ಅಭಿಮಾನಿ ಸಮುದಾಯ: ಫುಗಾಜಿ ತಂಡವನ್ನು ಕುರಿತ ಒಂದು ಜಾನಪದೀಯ ವಿವೇಚನೆ

'ಜನಪದ' ಎಂದೊಡನೆ ಗ್ರಾಮೀಣ, ಅನಕ್ಷರಸ್ಥ ಸಮುದಾಯವೊಂದನ್ನು ಕಲ್ಪಿಸಿಕೊಳ್ಳುವ ರೂಢಿ ಬಹುಕಾಲ ನಡೆದುಬಂದಿತು. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಈ ಗ್ರಹಿಕೆಯನ್ನು ಸಡಿಲಿಸಿ, ಕನಿಷ್ಠ ಒಂದು ಸಮಾನ ಅಂಶವನ್ನು ಹಂಚಿಕೊಂಡಿರುವ ಯಾವುದೇ ಗುಂಪೂ 'ಜನಪದ'ವೇ ಎಂದು ಪ್ರತಿಪಾದಿಸಿದರು. ವೃತ್ತಿ, ಭಾಷೆ, ಧರ್ಮಗಳಂತೆ ಅಭಿರುಚಿಯೂ ಇಂತಹ ಸಮಾನ ಅಂಶವಾಗಬಲ್ಲದು. ಈ ವ್ಯಾಖ್ಯೆಯನ್ನು ಒಪ್ಪುವುದಾದರೆ, ಒಂದು ಸಂಗೀತ ತಂಡವನ್ನು ದಶಕಗಳ ಕಾಲ ನಿಷ್ಠೆಯಿಂದ ಹಿಂಬಾಲಿಸಿದ ಅಭಿಮಾನಿ ಬಳಗವೂ ಅಧ್ಯಯನಯೋಗ್ಯ ಜನಪದವೇ ಸರಿ. ವಾಷಿಂಗ್ಟನ್ ನಗರದ 'ಫುಗಾಜಿ' ಎಂಬ ರಾಕ್ ತಂಡ ಮತ್ತು ಅದರ ಅಭಿಮಾನಿಗಳ ಸಂಬಂಧವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪದಗಳ ಹಿನ್ನೆಲೆ

ಇಂಗ್ಲಿಷಿನ 'ಫ್ಯಾನ್' ಎಂಬ ಪದ 'ಫೆನಟಿಕ್' ಎಂಬುದರ ಸಂಕ್ಷಿಪ್ತ ರೂಪ. ಇದರ ಮೂಲ ದೇಗುಲವನ್ನು ಸೂಚಿಸುವ 'ಫಾನುಮ್' ಎಂಬ ಲ್ಯಾಟಿನ್ ಪದದಲ್ಲಿದೆ. ಅಂದರೆ ಭಕ್ತಿಯ ಆವೇಶ, ವಿವೇಚನೆ ತಪ್ಪಿದ ಉನ್ಮಾದ ಎಂಬ ಛಾಯೆ ಆ ಪದಕ್ಕೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಕನ್ನಡದ 'ಅಭಿಮಾನಿ' ಪದದ ಒಲವು ಬೇರೆ. ಅದರಲ್ಲಿ ಹೆಮ್ಮೆಯಿದೆ, 'ನಮ್ಮದು' ಎಂಬ ಮಮತೆಯಿದೆ. ಡಾ. ರಾಜ್‌ಕುಮಾರ್ ಅವರು ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆದಾಗ ಪೂಜಿಸುವವರು ಯಾರು, ಪೂಜೆಗೊಳ್ಳುವವರು ಯಾರು ಎಂಬ ಕ್ರಮವೇ ತಿರುಗಿತು. ಫುಗಾಜಿಯ ಉದಾಹರಣೆ ಇನ್ನೊಂದು ಬಗೆಯದು. ಇಲ್ಲಿ ವೇದಿಕೆಯ ಮೇಲಿದ್ದವರೂ ಕೆಳಗಿದ್ದವರೂ ದೈವತ್ವವನ್ನು ಒಲ್ಲದೆ ಸಮಾನತೆಯನ್ನು ಹಂಬಲಿಸಿದರು.

'ಇಂಡೀ' ಎಂಬುದು 'ಇಂಡಿಪೆಂಡೆಂಟ್' ಪದದ ಹ್ರಸ್ವರೂಪ. ಅದು ಮೊದಲು ಸೂಚಿಸಿದ್ದು ಉತ್ಪಾದನೆಯ ಒಂದು ಕ್ರಮವನ್ನು. ಸಂಗೀತ ಶೈಲಿ ಎಂಬ ಅರ್ಥ ಆಮೇಲೆ ಕೂಡಿಕೊಂಡಿತು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ ಸಾಲ ತಂದ ಹಣದಲ್ಲಿ ತನ್ನದೇ ಮುದ್ರಿಕೆಯನ್ನು ಹೊರತಂದದ್ದು ಈ ಕ್ರಮದ ಆರಂಭದ ಮೈಲಿಗಲ್ಲುಗಳಲ್ಲಿ ಒಂದು. ದೊಡ್ಡ ಕಂಪೆನಿಗಳ ಹಂಗಿಲ್ಲದೆ ಧ್ವನಿಮುದ್ರಿಕೆ ತರಬಹುದೆಂಬುದು ಅಲ್ಲಿಂದ ಹಲವರಿಗೆ ಮನವರಿಕೆಯಾಯಿತು.

ಗುರುತಿನ ವಲಸೆ

ವಾಷಿಂಗ್ಟನ್ನಿನ ಕಥೆ 1980ರಲ್ಲಿ ಆರಂಭವಾಗುತ್ತದೆ. ಹದಿಹರೆಯದವರೇ ಕಟ್ಟಿದ್ದ 'ಟೀನ್ ಐಡಲ್ಸ್' ತಂಡ ಆ ವರ್ಷ ಚದುರಿತು. ಪ್ರದರ್ಶನಗಳಿಂದ ಕೂಡಿಟ್ಟಿದ್ದ ಸುಮಾರು 600 ಡಾಲರ್‌ಗಳನ್ನು ಸದಸ್ಯರು ಹಂಚಿಕೊಳ್ಳದೆ, ತಮ್ಮ ಹಾಡುಗಳ ಮುದ್ರಿಕೆಯೊಂದನ್ನು ತರಲು ಬಳಸಿದರು. ಅದಕ್ಕಾಗಿ ಇಯಾನ್ ಮೆಕೈ, ಜೆಫ್ ನೆಲ್ಸನ್ ಮತ್ತು ಗೆಳೆಯರು ಹುಟ್ಟುಹಾಕಿದ ಸಂಸ್ಥೆಯೇ 'ಡಿಸ್ಕಾರ್ಡ್ ರೆಕಾರ್ಡ್ಸ್'.

ಆ ಮುದ್ರಿಕೆಯ ಹೊದಿಕೆಯಲ್ಲಿ ಕತ್ತರಿಯಾಗಿ ಹಿಡಿದ ಎರಡು ಮುಷ್ಟಿಗಳಿವೆ. ಅವುಗಳ ಹಿಂಬದಿಯಲ್ಲಿ ಕಪ್ಪು ಶಾಯಿಯ ಗುಣಿಸು ಚಿಹ್ನೆಗಳಿವೆ. ಜಾನಪದದ ದೃಷ್ಟಿಯಿಂದ ಈ ಚಿಹ್ನೆ ವಿಶೇಷ ಗಮನಕ್ಕೆ ಅರ್ಹವಾಗಿದೆ. ಪಶ್ಚಿಮ ಕರಾವಳಿಯ ಪ್ರವಾಸದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಸಂಗೀತ ಕ್ಲಬ್ಬೊಂದರಲ್ಲಿ, ಮದ್ಯ ಕೊಳ್ಳುವ ವಯಸ್ಸಾಗದ ಈ ಹುಡುಗರ ಕೈಗೆ ಬಾಗಿಲಲ್ಲೇ ಈ ಗುರುತು ಹಾಕಲಾಗಿತ್ತು. ಊರಿಗೆ ಮರಳಿದ ಅವರು ಅದೇ ಉಪಾಯವನ್ನು ಸ್ಥಳೀಯ ಕ್ಲಬ್ಬುಗಳಿಗೆ ಸೂಚಿಸಿದರು: ಕೈಗೆ ಗುರುತು ಹಾಕಿ, ಆದರೆ ಒಳಗೆ ಬಿಡಿ. ಹೊರಗಿಡುವ ಗುರುತು ಹೀಗೆ ಒಳಬರುವ ರಹದಾರಿಯಾಯಿತು. 1981ರಲ್ಲಿ ಮೆಕೈ ಅವರ ಮುಂದಿನ ತಂಡ 'ಮೈನರ್ ಥ್ರೆಟ್' ಮದ್ಯ ಮತ್ತು ಮಾದಕವಸ್ತುಗಳನ್ನು ನಿರಾಕರಿಸುವ 'ಸ್ಟ್ರೈಟ್ ಎಡ್ಜ್' ಹಾಡನ್ನು ಹೊರತಂದಿತು. ಆ ಬಳಿಕ ವಯಸ್ಸಾದವರೂ ಸ್ವಇಚ್ಛೆಯಿಂದ ಕೈಗೆ ಈ ಗುರುತು ಬರೆದುಕೊಳ್ಳತೊಡಗಿದರು. ತಾನೊಂದು ಚಳವಳಿ ಕಟ್ಟಲು ಹೊರಟಿರಲಿಲ್ಲವೆಂದು ಮೆಕೈ ಹಲವು ಬಾರಿ ಹೇಳಿದ್ದಾರೆ. ಆದರೆ ಚಿಹ್ನೆಯೊಂದು ಜನರ ಕೈಸೇರಿದ ಮೇಲೆ ಅದರ ಅರ್ಥ ಕರ್ತೃವಿನ ಅಧೀನದಲ್ಲಿ ಉಳಿಯುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಐದು ಡಾಲರಿನ ಒಡಂಬಡಿಕೆ

ಫುಗಾಜಿ ತಂಡ ತನ್ನ ಮೊದಲ ಪ್ರದರ್ಶನವನ್ನು 1987ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ನಿನ ವಿಲ್ಸನ್ ಸೆಂಟರಿನಲ್ಲಿ ನೀಡಿತು. ಮೆಕೈ ಅವರೊಂದಿಗೆ ಜೋ ಲ್ಯಾಲಿ ಮತ್ತು ಬ್ರೆಂಡನ್ ಕ್ಯಾಂಟಿ ಇದ್ದರು. ಗಿ ಪಿಚೊಟ್ಟೊ ಅನಂತರ ಸೇರಿಕೊಂಡರು. ತಂಡ ಕೆಲವು ಕಟ್ಟುಪಾಡುಗಳನ್ನು ತಾನೇ ಹಾಕಿಕೊಂಡಿತ್ತು. ಪ್ರವೇಶದರ ಸಾಮಾನ್ಯವಾಗಿ 5 ಡಾಲರ್ ಮೀರಬಾರದು. ಎಲ್ಲ ವಯಸ್ಸಿನವರಿಗೂ ಪ್ರವೇಶವಿರಬೇಕು. ತಂಡದ ಹೆಸರಿನ ಅಂಗಿ ಮುಂತಾದ ಸರಕುಗಳನ್ನು ಮಾರಬಾರದು. ವಾಷಿಂಗ್ಟನ್ನಿನಲ್ಲಿ ನೀಡಿದ ಪ್ರದರ್ಶನಗಳಲ್ಲಿ ಹೆಚ್ಚಿನವು ಸಹಾಯಾರ್ಥವಾಗಿದ್ದವು. 1991ರ ಜನವರಿಯಲ್ಲಿ, ಕೊಲ್ಲಿ ಯುದ್ಧದ ಹೊಸ್ತಿಲಲ್ಲಿ, ಶ್ವೇತಭವನದ ಎದುರಿನ ಉದ್ಯಾನದಲ್ಲಿ ತಂಡ ಪ್ರತಿಭಟನೆಯಾಗಿ ನುಡಿಸಿತು.

ಈ ನಿಯಮಗಳನ್ನು ಬರಿಯ ವ್ಯಾಪಾರನೀತಿ ಎಂದು ಕಾಣುವುದು ಸರಿಯಾಗದು. ಅವು ಅಭಿಮಾನಿಯೊಂದಿಗೆ ಮಾಡಿಕೊಂಡ ಅಲಿಖಿತ ಒಡಂಬಡಿಕೆಗಳು. ಒಡಂಬಡಿಕೆ ಎಂದ ಮೇಲೆ ಅದು ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ. ಪ್ರೇಕ್ಷಕರು ಒಬ್ಬರನ್ನೊಬ್ಬರು ನೂಕಿ ಗುದ್ದಾಡಿದಾಗ ತಂಡ ವಾದನ ನಿಲ್ಲಿಸಿ ಬುದ್ಧಿಹೇಳುತ್ತಿತ್ತು. ಕೇಳದವರಿಗೆ 5 ಡಾಲರ್ ಹಿಂದಿರುಗಿಸಿ ಹೊರಗೆ ಕಳುಹಿಸುತ್ತಿತ್ತು. ಹಣ ಕೊಟ್ಟ ಮಾತ್ರಕ್ಕೆ ಪ್ರೇಕ್ಷಕನಿಗೆ ಮನಬಂದಂತೆ ವರ್ತಿಸುವ ಹಕ್ಕು ಬರುವುದಿಲ್ಲ ಎಂಬ ಈ ನಿಲುವನ್ನು ಮೆಚ್ಚಿದವರೂ ಉಪದೇಶವೆಂದು ಹಳಿದವರೂ ಇದ್ದರು.

ಪಾಠ ಮತ್ತು ಪಾಠಾಂತರ

ಮಿಲ್ಮನ್ ಪ್ಯಾರಿಯ ಕ್ಷೇತ್ರಕಾರ್ಯವನ್ನು ಮುಂದುವರಿಸಿದ ಆಲ್ಬರ್ಟ್ ಲಾರ್ಡ್, 1960ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಮೌಖಿಕ ಮಹಾಕಾವ್ಯಕ್ಕೆ 'ಮೂಲಪಾಠ' ಎಂಬುದಿಲ್ಲ, ಪ್ರತಿಯೊಂದು ಪ್ರದರ್ಶನವೂ ಹೊಸ ರಚನೆಯೇ ಎಂದು ತೋರಿಸಿದರು. ರಾಕ್ ಸಂಗೀತದಲ್ಲಿ ಮುದ್ರಿತ ಆಲ್ಬಮ್ಮೇ ಮೂಲ, ವೇದಿಕೆಯ ಮೇಲಿನದು ಅದರ ನಕಲು ಎಂಬ ಭಾವನೆ ಸಾಮಾನ್ಯ. ಆದರೆ ಫುಗಾಜಿ ಮುಂಚಿತವಾಗಿ ಹಾಡುಗಳ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳುತ್ತಿರಲಿಲ್ಲ. ಯಾವ ಹಾಡಿನ ಬಳಿಕ ಯಾವುದು ಎಂಬುದು ವೇದಿಕೆಯ ಮೇಲೆಯೇ ನಿರ್ಧಾರವಾಗುತ್ತಿತ್ತು. ಹೀಗಾಗಿ ಆಲ್ಬಮ್ಮುಗಳನ್ನೆಲ್ಲ ಬಲ್ಲ ಅಭಿಮಾನಿಗೂ ಇಂದಿನ ರಾತ್ರಿ ನಿನ್ನೆಯದಾಗಿರಲಿಲ್ಲ. ಪಾಠಾಂತರಗಳನ್ನು ಕಲೆಹಾಕಿ ಹೋಲಿಸುವ ಹವ್ಯಾಸ ಬೆಳೆಯಲು ಇದೂ ಒಂದು ಕಾರಣ.

ಈ ಹವ್ಯಾಸಕ್ಕೆ ಅಮೆರಿಕದಲ್ಲಿ ಹಿರಿಯ ಪರಂಪರೆಯಿದೆ. 1965ರಲ್ಲಿ ಹುಟ್ಟಿದ 'ಗ್ರೇಟ್‌ಫುಲ್ ಡೆಡ್' ತಂಡ ತನ್ನ ಹೆಸರನ್ನೇ ಜನಪದ ಕಥಾವರ್ಗವೊಂದರಿಂದ ಪಡೆಯಿತು. ಸಾಲಗಾರನ ಅಂತ್ಯಸಂಸ್ಕಾರಕ್ಕೆ ದಾರಿಹೋಕನೊಬ್ಬ ಹಣ ತೆರುತ್ತಾನೆ. ಸತ್ತವನ ಚೇತನ ಜತೆಗಾರನ ರೂಪದಲ್ಲಿ ಬಂದು ಆ ಋಣ ತೀರಿಸುತ್ತದೆ. ಆರ್ನೆ-ಥಾಂಪ್ಸನ್-ಉಥರ್ ಸೂಚಿಯಲ್ಲಿ ಇದು 505ನೆಯ ವರ್ಗ. ಈ ತಂಡದ ಅಭಿಮಾನಿಗಳು ಪ್ರದರ್ಶನಗಳನ್ನು ಕ್ಯಾಸೆಟ್ಟಿಗಿಳಿಸಿ, ಹಣ ಪಡೆಯದೆ ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದರು. 1984ರಲ್ಲಿ ತಂಡ ಅವರಿಗಾಗಿ ಪ್ರತ್ಯೇಕ ಸ್ಥಳವನ್ನೇ ಮೀಸಲಿಟ್ಟಿತು. ಕೃತಜ್ಞತೆಯ ಕಥೆಯಿಂದ ಹೆಸರು ಪಡೆದ ತಂಡದ ಸುತ್ತ ಕೊಡುಕೊಳೆಯ ವ್ಯವಸ್ಥೆಯೊಂದು ಬೆಳೆದುದು ಅರ್ಥಪೂರ್ಣವಾಗಿದೆ.

ಫುಗಾಜಿಯ ಸಂದರ್ಭದಲ್ಲಿ ದಾಖಲಾತಿಯನ್ನು ತಂಡವೂ ಕೈಗೊಂಡಿತ್ತು. ಧ್ವನಿ ನಿರ್ವಹಿಸುತ್ತಿದ್ದವರು ಪ್ರದರ್ಶನಗಳನ್ನು ಮುದ್ರಿಸಿಕೊಳ್ಳುತ್ತ ಬಂದರು. ನೀಡಿದ ಸಾವಿರಕ್ಕೂ ಹೆಚ್ಚು ಪ್ರದರ್ಶನಗಳಲ್ಲಿ 800ಕ್ಕೂ ಹೆಚ್ಚಿನವು ಹೀಗೆ ಉಳಿದವು. 2002ರ ನವೆಂಬರ್ 4ರ ಲಂಡನ್ ಪ್ರದರ್ಶನದ ಅನಂತರ ತಂಡ ಅನಿರ್ದಿಷ್ಟ ವಿರಾಮ ಪಡೆಯಿತು. 2011ರ ಡಿಸೆಂಬರಿನಲ್ಲಿ ಈ ಭಂಡಾರವನ್ನು ಅಂತರಜಾಲದ ಮೂಲಕ ತೆರೆದಾಗ ಒಂದು ಪ್ರದರ್ಶನಕ್ಕೆ ಸೂಚಿಸಿದ ಬೆಲೆ 5 ಡಾಲರ್. ಕೇಳುಗ ತನ್ನ ಶಕ್ತಿಗೆ ತಕ್ಕಂತೆ 1ರಿಂದ 100 ಡಾಲರ್‌ವರೆಗೆ ಕೊಡಬಹುದಿತ್ತು. ಶ್ರುತಿ ತಪ್ಪಿದ ಕ್ಷಣ, ಪ್ರೇಕ್ಷಕರೊಂದಿಗಿನ ವಾಗ್ವಾದ, ಕೆಟ್ಟ ಧ್ವನಿವರ್ಧಕ ಯಾವುದನ್ನೂ ಸಂಪಾದಕರು ತೆಗೆದುಹಾಕಲು ಹೋಗಲಿಲ್ಲ. ಅಭಿಮಾನಿಗಳ ಭಾವಚಿತ್ರ, ಕರಪತ್ರ, ನೆನಪುಗಳು ಅದಕ್ಕೆ ಸೇರಿದವು. 2023ರಲ್ಲಿ ಅಭಿಮಾನಿಗಳು ಚಿತ್ರೀಕರಿಸಿದ್ದ ದೃಶ್ಯಗಳನ್ನೇ ಆಧರಿಸಿದ ಸಾಕ್ಷ್ಯಚಿತ್ರವೂ ಬಂದಿತು.

ಸಮುದಾಯದೊಳಗಿನ ಪ್ರಶ್ನೆಗಳು

ಈ ಬಳಗವನ್ನು ಆದರ್ಶ ಲೋಕವೆಂದು ಚಿತ್ರಿಸಿದರೆ ಅಧ್ಯಯನ ದಾರಿತಪ್ಪುತ್ತದೆ. ವೇದಿಕೆಯ ಮುಂಭಾಗ ಬಹುಕಾಲ ಬಲಿಷ್ಠ ಹುಡುಗರ ಪಾಲಾಗಿತ್ತು. ಹುಡುಗಿಯರು ಹಿಂದೆ ಸರಿದು ಗೋಡೆಗೆ ಒರಗಿ ನಿಲ್ಲಬೇಕಾಗುತ್ತಿತ್ತು. ಈ ಅನುಭವವೇ ಒಲಿಂಪಿಯ ಮತ್ತು ವಾಷಿಂಗ್ಟನ್ ನಗರಗಳಲ್ಲಿ 1991ರ ಸುಮಾರಿಗೆ ರೂಪುಗೊಂಡ 'ರಾಯಟ್ ಗರ್ಲ್' ಚಳವಳಿಯ ಪ್ರೇರಣೆಗಳಲ್ಲಿ ಒಂದು. ಅಭಿಮಾನಿಗಳಾಗಿದ್ದ ಯುವತಿಯರು ತಾವೇ ತಂಡ ಕಟ್ಟಿದರು, ಕೈಬರಹದ 'ಫ್ಯಾನ್‌ಝೀನ್' ಪತ್ರಿಕೆಗಳನ್ನು ನೆರಳಚ್ಚು ಮಾಡಿ ಹಂಚಿದರು. 1940ರಲ್ಲಿ ವೈಜ್ಞಾನಿಕ ಕಥೆಗಳ ಓದುಗರ ವಲಯದಲ್ಲಿ ಹುಟ್ಟಿದ ಈ ಪದ ಐವತ್ತು ವರ್ಷಗಳ ಬಳಿಕ ಸ್ತ್ರೀದನಿಯ ವಾಹಕವಾಯಿತು.

ಮುಖ್ಯವಾಗಿ ಏಳುವ ಇನ್ನೊಂದು ಪ್ರಶ್ನೆ ಒಡೆತನದ್ದು. ಇಂತಹ ಪತ್ರಿಕೆ, ಕ್ಯಾಸೆಟ್, ಕರಪತ್ರಗಳು ದೀರ್ಘಾಯುಗಳಲ್ಲ. ಒಂದು ಮನೆ ಬದಲಾದರೆ, ಒಬ್ಬರು ತೀರಿಕೊಂಡರೆ ಇಡೀ ಸಂಗ್ರಹ ಕಸದ ಪಾಲಾಗುತ್ತದೆ. ಈ ಅಪಾಯವನ್ನು ಸಂಸ್ಥೆಗಳು ತಡವಾಗಿಯಾದರೂ ಗುರುತಿಸಿದವು. ವಾಷಿಂಗ್ಟನ್ನಿನ ಸಾರ್ವಜನಿಕ ಗ್ರಂಥಾಲಯ 2014ರಲ್ಲಿ ಪಂಕ್ ಸಂಗೀತದ ದಾಖಲೆಗಳಿಗಾಗಿಯೇ ಸಂಗ್ರಹವೊಂದನ್ನು ತೆರೆಯಿತು. ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಫ್ಯಾನ್‌ಝೀನ್‌ಗಳನ್ನು ಕಲೆಹಾಕಿತು. 2013ರಲ್ಲಿ ಮೆಕೈ ಅವರೇ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಖಾಸಗಿ ದಾಖಲೆಗಳ ಸಂರಕ್ಷಣೆಯನ್ನು ಕುರಿತು ಮಾತನಾಡಿದರು. ಆದರೆ ದಾಖಲೆ ಗ್ರಂಥಾಲಯದ ಪೆಟ್ಟಿಗೆಯನ್ನು ಸೇರಿದಾಗ ಅದನ್ನು ಕೈಯಿಂದ ಕೈಗೆ ದಾಟಿಸಿದ ಸಂಬಂಧದ ಎಳೆ ಕಡಿಯುತ್ತದೆ. ಯಾರು ಯಾರಿಗೆ ಕೊಟ್ಟರು, ಏಕೆ ಕೊಟ್ಟರು ಎಂಬ ವಿವರವನ್ನೂ ಬರೆದಿಡದಿದ್ದರೆ ಉಳಿಯುವುದು ವಸ್ತು ಮಾತ್ರ.

ಉಪಸಂಹಾರ

ಫುಗಾಜಿಯ ಅಭಿಮಾನಿ ಸಂಗೀತದ ಕೇಳುಗನಷ್ಟೇ ಆಗಿ ಉಳಿಯಲಿಲ್ಲ. ಪಾಠಾಂತರಗಳ ಸಂಗ್ರಾಹಕನೂ ಪ್ರದರ್ಶನದ ಸಾಕ್ಷಿಯೂ ಆದನು. ಮೌಖಿಕ ಪರಂಪರೆಯಲ್ಲಿ ಶ್ರೋತೃವಿಗೆ ಸಲ್ಲುವ ಸ್ಥಾನವೇ ಇಲ್ಲಿ ಅಭಿಮಾನಿಗೆ ಸಲ್ಲುತ್ತದೆ. ಜಾನಪದ ಅಧ್ಯಯನ ಕಲಾವಿದನ ಹೆಸರು, ಊರು, ಗುರುಪರಂಪರೆಗಳನ್ನು ಶ್ರದ್ಧೆಯಿಂದ ದಾಖಲಿಸುತ್ತ ಬಂದಿದೆ. ಎದುರು ಕುಳಿತು ಕೇಳಿದವರ ನೆನಪುಗಳನ್ನು ಅಷ್ಟೇ ಶ್ರದ್ಧೆಯಿಂದ ದಾಖಲಿಸಿದ್ದು ಕಡಿಮೆ. ಆ ಪೀಳಿಗೆ ಇನ್ನೂ ಮಾತನಾಡಬಲ್ಲ ಸ್ಥಿತಿಯಲ್ಲಿರುವಾಗಲೇ ಆ ಕೆಲಸ ನಡೆಯಬೇಕಾಗಿದೆ.